ಸಸ್ಯಸಾರಗಳು ಮತ್ತು ಲ್ಯುಕೀಮಿಯ ಕೋಶಗಳ ಮರಣ

ಜನರ ಮಾತಿನಲ್ಲಿ ರಕ್ತದ ಕ್ಯಾನ್ಸರ್ ಎನಿಸಿಕೊಂಡಿರುವ ಲ್ಯುಕೀಮಿಯದ ಕೋಶಗಳನ್ನು ಸಾವಿನತ್ತ ತಳ್ಳಬಲ್ಲ ಸಸ್ಯಜನ್ಯ ವಸ್ತುಗಳನ್ನು ಕುರಿತ ಲೇಖನವಿದು. ಎಲೆ, ಬೇರು, ತೊಗಟೆ, ಬೀಜಗಳನ್ನು ನೀರಿನಲ್ಲೋ ಆಲ್ಕೊಹಾಲ್‌ನಲ್ಲೋ ನೆನೆಸಿ, ಕುದಿಸಿ ತೆಗೆದ ಇಡಿಯಾದ ಸಾರವೂ ಆ ಸಾರದಿಂದ ಬೇರ್ಪಡಿಸಿ ಶುದ್ಧಗೊಳಿಸಿದ ಒಂದೇ ಅಣುವೂ ಈ ಶೀರ್ಷಿಕೆಯಡಿ ಬರುತ್ತವೆ. ಎರಡರ ನಡುವಿನ ಅಂತರ ದೊಡ್ಡದು. ಪ್ರಯೋಗಶಾಲೆಯ ತಟ್ಟೆಯಲ್ಲಿ ಲ್ಯುಕೀಮಿಯ ಕೋಶಗಳನ್ನು ಕೊಂದವೆಂದು ವರದಿಯಾದ ಸಸ್ಯಗಳು ನೂರಾರು. ಅವುಗಳಿಂದ ಹೊರಟು ಆಸ್ಪತ್ರೆಯ ಔಷಧವಾಗಿ ನೆಲೆನಿಂತ ಅಣುಗಳು ಬೆರಳೆಣಿಕೆಯಷ್ಟು. ನೆಲೆನಿಂತವೂ ಸಾಧು ವಸ್ತುಗಳಲ್ಲ. ಹೆಚ್ಚಿನವು ಕಟು ವಿಷಗಳು; ಎಷ್ಟು ಕೊಡಬೇಕು, ಯಾವ ದಾರಿಯಲ್ಲಿ ಕೊಡಬೇಕು, ಎಷ್ಟು ದಿನಕ್ಕೊಮ್ಮೆ ಕೊಡಬೇಕು ಎಂಬುದು ಗೊತ್ತಾದ ಮೇಲಷ್ಟೇ ಮದ್ದಾದವು.

ರೋಗ ಮತ್ತು ಕೋಶಮರಣ

ಲ್ಯುಕೀಮಿಯದಲ್ಲಿ ಮೂಳೆಮಜ್ಜೆಯ ರಕ್ತೋತ್ಪಾದಕ ಕೋಶವೊಂದರ ವಂಶವಾಹಿಗಳು ಕೆಟ್ಟು, ಅದರ ಸಂತತಿ ಮಿತಿಯಿಲ್ಲದೆ ಹೆಚ್ಚುತ್ತದೆ. ಹೀಗೆ ಹೆಚ್ಚಿದ ಬಿಳಿಕಣಗಳು ಮಜ್ಜೆಯ ಜಾಗವನ್ನೆಲ್ಲ ಆಕ್ರಮಿಸುವುದರಿಂದ ಕೆಂಪುಕಣ, ಪ್ಲೇಟ್‌ಲೆಟ್ ಮತ್ತು ಆರೋಗ್ಯವಂತ ಬಿಳಿಕಣಗಳ ಉತ್ಪಾದನೆ ಕುಂದುತ್ತದೆ. ರಕ್ತಹೀನತೆ, ಮೇಲಿಂದ ಮೇಲೆ ಸೋಂಕು, ವಸಡು–ಚರ್ಮಗಳಲ್ಲಿ ರಕ್ತಸ್ರಾವ ಕಾಣಿಸುವುದು ಇದರಿಂದಲೇ. 1845ರಲ್ಲಿ ಎಡಿನ್‌ಬರೋದ ಜಾನ್ ಹ್ಯೂಸ್ ಬೆನೆಟ್ ಮತ್ತು ಬರ್ಲಿನ್ನಿನ ರುಡಾಲ್ಫ್ ವಿರ್ಶೊ ಈ ರೋಗವನ್ನು ಬೇರೆಬೇರೆಯಾಗಿ ವಿವರಿಸಿದರು. ತೀವ್ರ ಲಿಂಫೋಬ್ಲಾಸ್ಟಿಕ್, ತೀವ್ರ ಮಯಲಾಯ್ಡ್, ದೀರ್ಘಕಾಲಿಕ ಲಿಂಫೊಸೈಟಿಕ್, ದೀರ್ಘಕಾಲಿಕ ಮಯಲಾಯ್ಡ್ ಎಂಬವು ಇದರ ನಾಲ್ಕು ಮುಖ್ಯ ಬಗೆಗಳು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯದು.

ದೇಹದ ಕೋಶಗಳಿಗೆ ತಮ್ಮನ್ನು ತಾವೇ ಕಳಚಿಕೊಳ್ಳುವ ಒಂದು ವ್ಯವಸ್ಥೆಯಿದೆ. ಇದನ್ನು 1972ರಲ್ಲಿ ಜಾನ್ ಕೆರ್, ಆಂಡ್ರೂ ವೈಲಿ ಮತ್ತು ಅಲಸ್ಟೇರ್ ಕರಿ ಅಪೊಪ್ಟೋಸಿಸ್ ಎಂದು ಹೆಸರಿಸಿದರು. ಕೋಶ ಕುಗ್ಗುತ್ತದೆ, ಅದರ ಡಿಎನ್ಎ ನಿಯತ ಅಳತೆಯ ತುಂಡುಗಳಾಗಿ ಕಡಿದುಹೋಗುತ್ತದೆ, ಇಡೀ ಕೋಶ ಸಣ್ಣ ಚೀಲಗಳಾಗಿ ಒಡೆಯುತ್ತದೆ. ಸುತ್ತಲಿನ ಭಕ್ಷಕ ಕೋಶಗಳು ಅವನ್ನು ನುಂಗಿ ಜಾಗ ತೆರವು ಮಾಡುತ್ತವೆ. ಉರಿಯೂತವಾಗಲಿ ಬಾವಾಗಲಿ ಇರುವುದಿಲ್ಲ. ಸುಟ್ಟಗಾಯದಲ್ಲೋ ಆಮ್ಲ ಬಿದ್ದಾಗಲೋ ಕೋಶ ಒಡೆದು ಒಳಗಿನದೆಲ್ಲ ಹೊರಚೆಲ್ಲುವ ನೆಕ್ರೋಸಿಸ್ ಇದಕ್ಕಿಂತ ಬೇರೆ.

ಅಪೊಪ್ಟೋಸಿಸ್‌ಗೆ ಎರಡು ದಾರಿಗಳಿವೆ. ಒಂದು ಕೋಶದ ಒಳಗಿನದು. ಡಿಎನ್ಎಗೆ ಪೆಟ್ಟು ಬಿದ್ದರೆ ಅಥವಾ ಕೋಶವಿಭಜನೆ ನಡುವೆಯೇ ನಿಂತುಹೋದರೆ ಬ್ಯಾಕ್ಸ್ ಮತ್ತು ಬ್ಯಾಕ್ ಎಂಬ ಪ್ರೋಟೀನುಗಳು ಮೈಟೊಕಾಂಡ್ರಿಯದ ಹೊರಪೊರೆಯಲ್ಲಿ ತೂತು ಕೊರೆಯುತ್ತವೆ; ಅಲ್ಲಿಂದ ಸೋರಿದ ಸೈಟೊಕ್ರೋಮ್-ಸಿ ಕ್ಯಾಸ್ಪೇಸ್-9 ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ, ಅದು ಕ್ಯಾಸ್ಪೇಸ್-3 ಅನ್ನು. ಎರಡನೆಯದು ಹೊರಗಿನ ದಾರಿ. ಕೋಶದ ಮೇಲ್ಮೈಯ ಫ್ಯಾಸ್‌ನಂಥ ಗ್ರಾಹಕಗಳಿಗೆ ಸಂದೇಶ ತಗುಲಿ, ಕ್ಯಾಸ್ಪೇಸ್-8ರ ಮೂಲಕ ಅದೇ ಕ್ಯಾಸ್ಪೇಸ್-3ಕ್ಕೆ ಬಂದು ಸೇರುತ್ತದೆ. ಬಿಸಿಎಲ್-2 ಮತ್ತು ಎಂಸಿಎಲ್-1 ಎಂಬ ಪ್ರೋಟೀನುಗಳು ಒಳದಾರಿಗೆ ಅಡ್ಡನಿಂತು ಕೋಶವನ್ನು ಉಳಿಸುತ್ತವೆ. ಅನೇಕ ಲ್ಯುಕೀಮಿಯಗಳಲ್ಲಿ ಈ ಕಾವಲು ಪ್ರೋಟೀನುಗಳು ಅತಿಯಾಗಿರುತ್ತವೆ. ಸಾಯಬೇಕಾದ ಕಣ ಸಾಯದೆ ಉಳಿಯುವುದಕ್ಕೆ ಇದೊಂದು ದೊಡ್ಡ ಕಾರಣ. ಸಸ್ಯವಸ್ತುಗಳು ಕೆಲಸ ಮಾಡುವುದು ಬಹುಮಟ್ಟಿಗೆ ಒಳದಾರಿಯಲ್ಲಿ: ಕೆಲವು ಕೋಶವಿಭಜನೆಯನ್ನು ಮಧ್ಯದಲ್ಲೇ ನಿಲ್ಲಿಸಿ, ಕೆಲವು ಡಿಎನ್ಎಯನ್ನು ಕತ್ತರಿಸಿ, ಇನ್ನು ಕೆಲವು ಎಂಸಿಎಲ್-1ರ ಉತ್ಪಾದನೆಯನ್ನೇ ತಡೆದು.

ಎಲ್ಲ ಸಾವೂ ಅಪೊಪ್ಟೋಸಿಸ್ ಅಲ್ಲ ಎಂಬುದನ್ನೂ ಗಮನಿಸಬೇಕು. ಮಲೇರಿಯಾಕ್ಕೆ ಬಳಸುವ ಆರ್ಟೆಮಿಸಿನಿನ್ ವರ್ಗದ ಅಣುಗಳು ಕಬ್ಬಿಣದೊಡನೆ ಪ್ರತಿಕ್ರಿಯಿಸಿ ಉಗ್ರ ಆಮ್ಲಜನಕ ಸಂಯುಕ್ತಗಳನ್ನು ಹುಟ್ಟಿಸುತ್ತವೆ. ಬೇಗಬೇಗ ವಿಭಜಿಸುವ ಲ್ಯುಕೀಮಿಯ ಕೋಶಗಳು ಕಬ್ಬಿಣವನ್ನು ಹೆಚ್ಚಾಗಿ ಹೀರುವುದರಿಂದ ಅವೇ ಮೊದಲು ಸಾಯಬೇಕು ಎಂಬ ತರ್ಕದ ಮೇಲೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ಲೈ ಮತ್ತು ನರೇಂದ್ರ ಸಿಂಗ್ 1995ರಲ್ಲಿ ಪ್ರಯೋಗ ನಡೆಸಿ, ಕಬ್ಬಿಣ ತುಂಬಿಸಿದ ಮೋಲ್ಟ್-4 ಲ್ಯುಕೀಮಿಯ ಕೋಶಗಳು ಸಾಮಾನ್ಯ ಲಿಂಫೊಸೈಟುಗಳಿಗಿಂತ ಬಹಳ ಬೇಗ ಸಾಯುವುದನ್ನು ತೋರಿಸಿದರು.

ಪರೀಕ್ಷೆಯ ಬಗೆ

ಸಸ್ಯಸಾರದ ಪರೀಕ್ಷೆ ಸಾಮಾನ್ಯವಾಗಿ ಹಳೆಯ ರೋಗಿಗಳಿಂದ ತೆಗೆದು ದಶಕಗಳಿಂದ ಬೆಳೆಸಿಕೊಂಡು ಬಂದ ಕೋಶವಂಶಗಳ ಮೇಲೆ ನಡೆಯುತ್ತದೆ. ತೀವ್ರ ಮಯಲಾಯ್ಡ್ ಲ್ಯುಕೀಮಿಯದ ಎಚ್‌ಎಲ್-60, ದೀರ್ಘಕಾಲಿಕ ಮಯಲಾಯ್ಡ್ ಬಗೆಯ ಕೆ-562, ಟಿ-ಲಿಂಫೊಸೈಟುಗಳ ಜುರ್ಕಾಟ್ ಇವುಗಳಲ್ಲಿ ಹೆಸರಾದವು. ಸಾರವನ್ನು ಬೇರೆಬೇರೆ ಪ್ರಮಾಣದಲ್ಲಿ ಸೇರಿಸಿ 24, 48, 72 ಗಂಟೆಗಳ ಬಳಿಕ ಎಷ್ಟು ಕೋಶ ಉಳಿದಿವೆ ಎಂದು ಬಣ್ಣದ ಪರೀಕ್ಷೆಯಿಂದ ಅಳೆಯುತ್ತಾರೆ. ಕೋಶಗಳ ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸುವ ಪ್ರಮಾಣಕ್ಕೆ ಐಸಿ50 ಎಂದು ಹೆಸರು. ಸತ್ತದ್ದು ಅಪೊಪ್ಟೋಸಿಸ್‌ನಿಂದಲೇ ಎಂದು ಹೇಳಲು ಅನೆಕ್ಸಿನ್-ವಿ ಎಂಬ ಪ್ರೋಟೀನ್ ಕೋಶದ ಮೇಲ್ಮೈಗೆ ಅಂಟುತ್ತದೆಯೇ, ಡಿಎನ್ಎ ಏಣಿಯಂತೆ ತುಂಡಾಗಿದೆಯೇ, ಕ್ಯಾಸ್ಪೇಸ್‌ಗಳು ಚುರುಕಾಗಿವೆಯೇ ಎಂದು ನೋಡಬೇಕಾಗುತ್ತದೆ.

ಈ ಪರೀಕ್ಷೆ ಅಗ್ಗ, ಸುಲಭ; ಅದರಿಂದಲೇ ಇಂಥ ಪ್ರಬಂಧಗಳ ಸಂಖ್ಯೆ ಇಷ್ಟೊಂದು. ಆದರೆ ತಟ್ಟೆಯಲ್ಲಿ ಕೋಶಗಳನ್ನು ಕೊಲ್ಲುವುದು ಕಷ್ಟದ ಕೆಲಸವೇ ಅಲ್ಲ: ಸಾಕಷ್ಟು ಸುರಿದರೆ ಅಡುಗೆ ಉಪ್ಪೂ ಕೊಲ್ಲುತ್ತದೆ. ಪ್ರಮಾಣ ಎಷ್ಟು, ಆರೋಗ್ಯವಂತ ಕೋಶಗಳು ಅದೇ ಪ್ರಮಾಣದಲ್ಲಿ ಉಳಿದವೇ ಎಂಬ ಎರಡು ಪ್ರಶ್ನೆಗಳೇ ಇಲ್ಲಿ ಮುಖ್ಯ. ಇಡಿಯಾದ ಸಾರವಾದರೆ ಐಸಿ50 ಮಿಲಿಲೀಟರಿಗೆ 30 ಮೈಕ್ರೊಗ್ರಾಂಗಿಂತ ಕಡಿಮೆ ಇರಬೇಕು, ಶುದ್ಧ ಅಣುವಾದರೆ ಸುಮಾರು 4 ಮೈಕ್ರೊಗ್ರಾಂಗಿಂತ ಕಡಿಮೆ ಇರಬೇಕು ಎಂಬುದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಹೆಸರಿನಲ್ಲಿ ರೂಢಿಗೆ ಬಂದ ಅಳತೆ. 100 ಮೈಕ್ರೊಗ್ರಾಂನಲ್ಲಿ ಕೆಲಸ ಮಾಡಿದ ಸಾರವನ್ನು ಲೆಕ್ಕ ಹಾಕಿ ನೋಡಿ. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಆ ಸಾಂದ್ರತೆ ಮುಟ್ಟಲು ಅರ್ಧ ಗ್ರಾಂ ಸಾರ ನೇರವಾಗಿ ರಕ್ತದಲ್ಲೇ ಇರಬೇಕು, ಅದೂ ಎರಡು ದಿನ ಕರಗದೆ. ಬಾಯಿಯಿಂದ ಕುಡಿದ ಕಷಾಯ ಕರುಳು ದಾಟಿ, ಯಕೃತ್ತಿನ ಕಿಣ್ವಗಳ ಕೈಗೆ ಸಿಕ್ಕ ಮೇಲೆ ಹಾಗೆ ಉಳಿಯುವುದಿಲ್ಲ.

ಕೋಶವಂಶಗಳಿಗೂ ತಮ್ಮ ದೋಷಗಳಿವೆ. ಎಚ್‌ಎಲ್-60ರಲ್ಲಿ ಪಿ-53 ಎಂಬ ಮುಖ್ಯ ಕಾವಲು ವಂಶವಾಹಿಯೇ ಇಲ್ಲ. ಅಂಥ ಕೋಶದಲ್ಲಿ ಕಂಡದ್ದು ಪಿ-53 ಸರಿಯಾಗಿರುವ ರೋಗಿಯ ಕೋಶದಲ್ಲಿ ಹಾಗೆಯೇ ನಡೆಯಬೇಕೆಂದಿಲ್ಲ.

ಹಿಂದೆ ಪರೀಕ್ಷೆಯ ಮೊದಲ ಮೆಟ್ಟಿಲೇ ಇಲಿಯಾಗಿತ್ತು. ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1960ರಿಂದ 1982ರವರೆಗೆ ಸುಮಾರು 35,000 ಸಸ್ಯಪ್ರಭೇದಗಳಿಂದ 1,14,000 ಸಾರಗಳನ್ನು ತೆಗೆದು ಶೋಧಿಸಿತು. ಎಲ್-1210 ಮತ್ತು ಪಿ-388 ಎಂಬ ಇಲಿ ಲ್ಯುಕೀಮಿಯಗಳು ಈ ಶೋಧದ ಮುಖ್ಯ ಒರೆಗಲ್ಲುಗಳು. ಸಸ್ಯಮೂಲದ ಕ್ಯಾನ್ಸರ್ ಔಷಧಗಳಲ್ಲಿ ಹಲವು ಮೊದಲು ರಕ್ತದ ಕ್ಯಾನ್ಸರ್ ವಿರುದ್ಧವೇ ಗುರುತಾದದ್ದಕ್ಕೆ ಇದು ಒಂದು ಕಾರಣ. ಇಲಿಯ ಲ್ಯುಕೀಮಿಯಕ್ಕೆ ಸಿಕ್ಕಿಬಿದ್ದ ಅಣುಗಳು ಆಮೇಲೆ ಅಂಡಾಶಯ, ಶ್ವಾಸಕೋಶ, ಕರುಳಿನ ಕ್ಯಾನ್ಸರುಗಳಿಗೆ ಹೋದದ್ದೂ ಉಂಟು. ಭಾರತದಲ್ಲಿ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ದೇಶದ ಸಸ್ಯಗಳ ಇಂಥದೇ ದೊಡ್ಡ ಶೋಧ ನಡೆಸಿ, 1968ರಿಂದ ಅದರ ಫಲಿತಾಂಶಗಳನ್ನು ಪ್ರಕಟಿಸುತ್ತ ಬಂತು.

ನಿತ್ಯಪುಷ್ಪ

ಈ ಕ್ಷೇತ್ರದ ಎಲ್ಲಕ್ಕಿಂತ ದೊಡ್ಡ ಗೆಲುವು ನಮ್ಮ ಹಿತ್ತಿಲುಗಳಲ್ಲಿ, ಸಮಾಧಿಗಳ ಪಕ್ಕದಲ್ಲಿ, ರಸ್ತೆ ಬದಿಯಲ್ಲಿ ವರ್ಷವಿಡೀ ಅರಳುವ ಗಿಡದ್ದು. ಸದಾಪುಷ್ಪ, ಕಾಶಿಕಣಗಿಲೆ ಎಂದೂ ಕರೆಯುವ ಈ ಗಿಡದ ಶಾಸ್ತ್ರೀಯ ಹೆಸರು ಕ್ಯಾಥರಾಂತಸ್ ರೋಸಿಯಸ್, ತವರು ಮಡಗಾಸ್ಕರ್. ಹಲವು ದೇಶಗಳ ಜನಪದ ವೈದ್ಯದಲ್ಲಿ ಇದರ ಎಲೆಯ ಕಷಾಯ ಸಕ್ಕರೆ ಕಾಯಿಲೆಯ ಮದ್ದು. 1952ರಲ್ಲಿ ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಜಮೈಕಾದಿಂದ ಅವರ ರೋಗಿಯೊಬ್ಬರು ಈ ಎಲೆಗಳನ್ನು ಲಕೋಟೆಯಲ್ಲಿ ಕಳಿಸಿದರು. ಇನ್ಸುಲಿನ್ ಇಲ್ಲದಾಗ ಅಲ್ಲಿಯ ಜನ ಇದನ್ನು ಕುಡಿಯುತ್ತಾರೆ ಎಂಬುದು ಕಾರಣ. ಕ್ಲಾರ್ಕ್ ಅದನ್ನು ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿದ್ದ ತಮ್ಮ ಸೋದರ ರಾಬರ್ಟ್ ನೋಬಲ್‌ಗೆ ಕೊಟ್ಟರು.

ಬಾಯಿಯಿಂದ ಕೊಟ್ಟಾಗ ಇಲಿಗಳ ರಕ್ತದ ಸಕ್ಕರೆ ಕದಲಲಿಲ್ಲ. ಚುಚ್ಚಿ ಕೊಟ್ಟಾಗ ಇಲಿಗಳು ಸೋಂಕಿನಿಂದ ಸತ್ತವು. ಬೇರೆಯವರಾದರೆ ಅಲ್ಲಿಗೇ ಕೈಬಿಡುತ್ತಿದ್ದರೇನೋ. ರಾಬರ್ಟ್ ನೋಬಲ್ ಸತ್ತ ಇಲಿಗಳ ರಕ್ತ ನೋಡಿದರು. ಬಿಳಿಕಣಗಳು ಪಾತಾಳಕ್ಕಿಳಿದಿದ್ದವು, ಮೂಳೆಮಜ್ಜೆ ಬರಿದಾಗಿತ್ತು. ಬಿಳಿಕಣವನ್ನು ಹೀಗೆ ತೊಳೆದುಹಾಕುವ ವಸ್ತು ಬಿಳಿಕಣ ಉಕ್ಕುವ ರೋಗಕ್ಕೆ ಏಕಾಗಬಾರದು? ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಬಿಯರ್ ಸೇರಿಕೊಂಡು ಆ ಅಣುವನ್ನು ಬೇರ್ಪಡಿಸಿದರು. ಇಂದು ವಿನ್‌ಬ್ಲಾಸ್ಟೀನ್ ಎಂದು ಕರೆಯುವ ಈ ಅಣುವಿನ ಸುದ್ದಿ 1958ರಲ್ಲಿ ಹೊರಬಿತ್ತು. ಅದೇ ಹೊತ್ತಿಗೆ ಇಂಡಿಯಾನಾಪೊಲಿಸ್‌ನ ಇಲೈ ಲಿಲಿ ಕಂಪನಿಯ ಗಾರ್ಡನ್ ಸ್ವೊಬೊಡ ಇದೇ ಗಿಡದ ಸಾರ ಲ್ಯುಕೀಮಿಯದ ಇಲಿಗಳ ಆಯುಷ್ಯ ಹೆಚ್ಚಿಸುವುದನ್ನು ಸ್ವತಂತ್ರವಾಗಿ ಕಂಡಿದ್ದರು. ಅವರ ತಂಡ ಬೇರ್ಪಡಿಸಿದ ಇನ್ನೊಂದು ಆಲ್ಕಲಾಯ್ಡ್ ವಿನ್‌ಕ್ರಿಸ್ಟೀನ್. ಅಮೆರಿಕದಲ್ಲಿ ಅದಕ್ಕೆ 1963ರಲ್ಲಿ ಅನುಮತಿ ದೊರೆಯಿತು.

ಎರಡೂ ಅಣುಗಳ ರಚನೆಯಲ್ಲಿ ವ್ಯತ್ಯಾಸ ತೀರಾ ಚಿಕ್ಕದು: ಒಂದು ಸಾರಜನಕಕ್ಕೆ ಅಂಟಿದ ಮೀಥೈಲ್ ಗುಂಪಿನ ಬದಲು ಫಾರ್ಮೈಲ್ ಗುಂಪು. ಆದರೆ ವಿನ್‌ಬ್ಲಾಸ್ಟೀನ್ ಮುಖ್ಯವಾಗಿ ಹಾಜ್‌ಕಿನ್ ಲಿಂಫೋಮಕ್ಕೆ, ವಿನ್‌ಕ್ರಿಸ್ಟೀನ್ ಮಕ್ಕಳ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯಕ್ಕೆ. ಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡು ಬದಿಗೆ ಎಳೆಯುವ ಸೂಕ್ಷ್ಮನಳಿಕೆಗಳು ಟ್ಯುಬುಲಿನ್ ಎಂಬ ಪ್ರೋಟೀನಿನಿಂದ ಕಟ್ಟಲ್ಪಡುತ್ತವೆ. ವಿನ್‌ಕ್ರಿಸ್ಟೀನ್ ಟ್ಯುಬುಲಿನ್‌ಗೆ ಅಂಟಿಕೊಂಡು ನಳಿಕೆ ಕಟ್ಟದಂತೆ ಮಾಡುತ್ತದೆ. ವಿಭಜನೆ ಅರ್ಧದಲ್ಲಿ ನಿಂತ ಕೋಶ ಕೊನೆಗೆ ಅಪೊಪ್ಟೋಸಿಸ್‌ಗೆ ಒಳಗಾಗುತ್ತದೆ.

1960ರ ದಶಕದ ಆರಂಭದಲ್ಲಿ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ವಿನ್‌ಕ್ರಿಸ್ಟೀನ್ ಜೊತೆಗೆ ಮೆಥೊಟ್ರೆಕ್ಸೇಟ್, ಮರ್‌ಕ್ಯಾಪ್ಟೊಪ್ಯೂರಿನ್, ಪ್ರೆಡ್ನಿಸೋನ್ ಸೇರಿಸಿ ನಾಲ್ಕನ್ನೂ ಒಟ್ಟಿಗೆ ಕೊಟ್ಟರು. ಮಕ್ಕಳಿಗೆ ಇಷ್ಟೊಂದು ವಿಷವೇ ಎಂದು ಆಗ ಅನೇಕ ವೈದ್ಯರು ಅವರ ಮೇಲೆ ಹರಿಹಾಯ್ದಿದ್ದರು. ವಿನ್‌ಕ್ರಿಸ್ಟೀನ್ ಮತ್ತು ಸ್ಟೆರಾಯ್ಡ್ ಎರಡರಿಂದಲೇ 100ರಲ್ಲಿ 80ಕ್ಕೂ ಹೆಚ್ಚು ಮಕ್ಕಳಲ್ಲಿ ರೋಗ ಮೊದಲ ಬಾರಿಗೆ ಹಿಮ್ಮೆಟ್ಟುತ್ತದೆ; ಮರಳಿ ಬಾರದಂತೆ ತಡೆಯಲು ಉಳಿದ ಔಷಧಗಳು ಬೇಕು. ಹಿಂದೆ ಕೆಲವೇ ತಿಂಗಳಲ್ಲಿ ಮಗುವನ್ನು ಕೊಲ್ಲುತ್ತಿದ್ದ ಈ ರೋಗದಿಂದ ಶ್ರೀಮಂತ ದೇಶಗಳಲ್ಲಿ ಇಂದು ಸುಮಾರು 90%ರಷ್ಟು ಮಕ್ಕಳು ಉಳಿಯುತ್ತಾರೆ. ಆ ಯಶಸ್ಸು ನಿತ್ಯಪುಷ್ಪ ಒಂದರದೇ ಅಲ್ಲ, ಆದರೆ ಅದಿಲ್ಲದ ಚಿಕಿತ್ಸಾಕ್ರಮ ಇಂದಿಗೂ ಅಪರೂಪ.

ವಿನ್‌ಕ್ರಿಸ್ಟೀನ್‌ನ ಅಳತೆ ದೇಹದ ಮೇಲ್ಮೈಯ ಒಂದು ಚದರ ಮೀಟರಿಗೆ 1.5 ಮಿಲಿಗ್ರಾಂ; ಒಂದು ಸಲಕ್ಕೆ 2 ಮಿಲಿಗ್ರಾಂ ಮೀರಬಾರದೆಂಬುದು ವಾಡಿಕೆ. ಇಷ್ಟಕ್ಕೇ ಕೈಕಾಲು ಜೋಮು ಹಿಡಿಯುವುದು, ಪಾದ ಎತ್ತಲಾಗದಿರುವುದು, ಮಲಬದ್ಧತೆ ಕಾಣಿಸಬಹುದು. ನರತಂತುಗಳಲ್ಲೂ ಅದೇ ಸೂಕ್ಷ್ಮನಳಿಕೆಗಳಿರುವುದೇ ಇದಕ್ಕೆ ಕಾರಣ. ರಕ್ತನಾಳದ ಬದಲು ತಪ್ಪಿ ಬೆನ್ನುಹುರಿಯ ದ್ರವಕ್ಕೆ ಚುಚ್ಚಿದರೆ ಬಹುತೇಕ ಸಾವೇ ಗತಿ. ಆದ್ದರಿಂದ ಇದನ್ನು ಸಿರಿಂಜಿನಲ್ಲಿ ತುಂಬಿಡದೆ ಸಣ್ಣ ಚೀಲದಲ್ಲಿ ಬೆರೆಸಿ ಹನಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಎಚ್ಚರಿಸಿತು. ಹಿತ್ತಿಲ ಹೂವಿನ ಎಲೆಯನ್ನು ಸಕ್ಕರೆ ಕಾಯಿಲೆಗೆಂದು ದಿನವೂ ಅಗಿಯುವವರು ತಿಳಿದಿರಬೇಕಾದ ಸಂಗತಿಗಳಿವು.

ಪೊಡೊಫಿಲಮ್

ಉತ್ತರ ಅಮೆರಿಕದ ಮೇ-ಆ್ಯಪಲ್ ಎಂಬ ಸಣ್ಣ ಗಿಡ ಮತ್ತು ಅದರ ಹಿಮಾಲಯದ ದಾಯಾದಿ ಪೊಡೊಫಿಲಮ್ ಹೆಕ್ಸಾಂಡ್ರಮ್‌ಗಳ ಬೇರುಗೆಡ್ಡೆಯಲ್ಲಿ ಪೊಡೊಫಿಲೊಟಾಕ್ಸಿನ್ ಇದೆ. ಅದನ್ನು ಹಾಗೆಯೇ ಒಳಗೆ ತೆಗೆದುಕೊಂಡರೆ ಸಹಿಸಲಾಗದ ವಿಷ. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸ್ಯಾಂಡೋಜ್ ಕಂಪನಿಯಲ್ಲಿ ಹಾರ್ಟ್‌ಮನ್ ಸ್ಟೆಹೆಲಿನ್ ಮತ್ತು ಆಲ್ಬರ್ಟ್ ಫಾನ್ ವಾರ್ಟ್‌ಬುರ್ಗ್ ಇದರ ರಚನೆಯನ್ನು ಬದಲಿಸಿ ಎಟೊಪೊಸೈಡ್, ಟೆನಿಪೊಸೈಡ್‌ಗಳನ್ನು ತಯಾರಿಸಿದರು. ಬದಲಾವಣೆಯ ಜೊತೆಗೆ ಅಣುವಿನ ಗುರಿಯೂ ಬದಲಾಯಿತು. ಮೂಲವಸ್ತು ಟ್ಯುಬುಲಿನ್‌ಗೆ ಅಂಟುತ್ತಿತ್ತು. ಹೊಸವು ಡಿಎನ್ಎಯ ಸಿಕ್ಕು ಬಿಡಿಸುವ ಟೊಪೊಐಸೊಮರೇಸ್-2 ಕಿಣ್ವವನ್ನು ಹಿಡಿದು, ಡಿಎನ್ಎ ಕಡಿದ ಸ್ಥಿತಿಯಲ್ಲೇ ನಿಲ್ಲುವಂತೆ ಮಾಡುತ್ತವೆ. ಎಟೊಪೊಸೈಡ್‌ಗೆ 1983ರಲ್ಲಿ, ಮಕ್ಕಳ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯಕ್ಕಾಗಿ ಟೆನಿಪೊಸೈಡ್‌ಗೆ 1992ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಲ್ಯುಕೀಮಿಯ ಕೋಶಗಳಲ್ಲಿ ಅಪೊಪ್ಟೋಸಿಸ್ ಹುಟ್ಟಿಸಲು ಪ್ರಯೋಗಶಾಲೆಗಳು ಇಂದಿಗೂ ಎಟೊಪೊಸೈಡ್ ಅನ್ನು ಹೋಲಿಕೆಗೆ ಇಟ್ಟುಕೊಳ್ಳುತ್ತವೆ.

ಇದರ ಇನ್ನೊಂದು ಮುಖ ಕಹಿಯಾದದ್ದು. ಎಟೊಪೊಸೈಡ್ ಪಡೆದ ಕೆಲವರಲ್ಲಿ ಒಂದೆರಡು ವರ್ಷಗಳ ನಂತರ ಹೊಸದಾಗಿ ತೀವ್ರ ಮಯಲಾಯ್ಡ್ ಲ್ಯುಕೀಮಿಯ ಹುಟ್ಟುತ್ತದೆ. ಕಡಿದ ಡಿಎನ್ಎ ತಪ್ಪಾಗಿ ಬೆಸೆದುಕೊಂಡು 11ನೆಯ ವರ್ಣತಂತುವಿನ ಎಂಎಲ್ಎಲ್ ವಂಶವಾಹಿ ಮುರಿಯುವುದೇ ಇದರ ಮೂಲ. ಲ್ಯುಕೀಮಿಯವನ್ನು ಕೊಲ್ಲುವ ಅಣುವೇ ಲ್ಯುಕೀಮಿಯವನ್ನು ತರಬಲ್ಲದು ಎಂಬುದು, ಗಿಡದಿಂದ ಬಂದದ್ದೆಲ್ಲ ನಿರಪಾಯ ಎನ್ನುವವರಿಗೆ ತೋರಿಸಲು ಇರುವ ಅತ್ಯಂತ ನೇರವಾದ ಉದಾಹರಣೆ.

ಚೀನಾದ ಕೊಡುಗೆ

ಸೆಫಲೊಟ್ಯಾಕ್ಸಸ್ ಎಂಬ ಸೂಚಿಪರ್ಣ ಜಾತಿಯ ಮರಗಳಿಂದ ದೊರೆತ ಹೋಮೊಹ್ಯಾರಿಂಗ್ಟೊನೀನ್ ಅನ್ನು ಚೀನಾದ ವೈದ್ಯರು 1970ರ ದಶಕದಿಂದ ತೀವ್ರ ಮಯಲಾಯ್ಡ್ ಲ್ಯುಕೀಮಿಯಕ್ಕೆ ಬಳಸುತ್ತಿದ್ದಾರೆ. ಇದು ರೈಬೊಸೋಮಿಗೆ ಅಂಟಿ ಪ್ರೋಟೀನ್ ತಯಾರಿಕೆಯ ಆರಂಭವನ್ನೇ ತಡೆಯುತ್ತದೆ. ಎಂಸಿಎಲ್-1ರ ಆಯುಸ್ಸು ಕೋಶದಲ್ಲಿ ಬಹಳ ಕಡಿಮೆ, ಹೊಸದು ಬರದಿದ್ದರೆ ಬೇಗ ಖಾಲಿಯಾಗುತ್ತದೆ. ಹಾಗಾಗಿ ಅದನ್ನೇ ನೆಚ್ಚಿದ ಲ್ಯುಕೀಮಿಯ ಕೋಶ ಮೊದಲು ಬೀಳುತ್ತದೆ. 2013ರಲ್ಲಿ ಪ್ರಕಟವಾದ ಚೀನಾದ ದೊಡ್ಡ ಪರೀಕ್ಷೆಯೊಂದರಲ್ಲಿ ಸೈಟರಬೀನ್ ಮತ್ತು ಅಕ್ಲರುಬಿಸಿನ್ ಜೊತೆ ಇದನ್ನು ಕೊಟ್ಟಾಗ 73% ರೋಗಿಗಳಲ್ಲಿ ರೋಗ ಪೂರ್ತಿ ಹಿಮ್ಮೆಟ್ಟಿತು. ರೂಢಿಯ ಚಿಕಿತ್ಸೆಯಲ್ಲಿ ಆ ಪ್ರಮಾಣ 61%. ಇದರ ಅರೆಕೃತಕ ರೂಪವಾದ ಒಮಸೆಟ್ಯಾಕ್ಸಿನ್‌ಗೆ, ಇಮ್ಯಾಟಿನಿಬ್ ವರ್ಗದ ಎರಡು ಅಥವಾ ಹೆಚ್ಚು ಔಷಧಗಳಿಗೆ ಬಗ್ಗದ ದೀರ್ಘಕಾಲಿಕ ಮಯಲಾಯ್ಡ್ ಲ್ಯುಕೀಮಿಯದಲ್ಲಿ ಬಳಸಲು 2012ರಲ್ಲಿ ಅಮೆರಿಕ ಅನುಮತಿ ನೀಡಿತು.

ಚೀನಾದಿಂದಲೇ ಬಂದ ಇನ್ನೊಂದು ಎಳೆ ನೀಲಿಯದು. ದೀರ್ಘಕಾಲಿಕ ಮಯಲಾಯ್ಡ್ ಲ್ಯುಕೀಮಿಯಕ್ಕೆ ಕೊಡುತ್ತಿದ್ದ 11 ದ್ರವ್ಯಗಳ ಒಂದು ಸಾಂಪ್ರದಾಯಿಕ ಗುಳಿಗೆಯನ್ನು ಅಲ್ಲಿಯ ಸಂಶೋಧಕರು ಬಿಡಿಬಿಡಿಯಾಗಿ ಪರೀಕ್ಷಿಸಿದಾಗ ಕೆಲಸ ಮಾಡುತ್ತಿದ್ದುದು ಚಿಂಗ್ ದಾಯ್ ಎಂಬ ಗಾಢ ನೀಲಿ ಪುಡಿಯೊಂದೇ ಎಂದು ತಿಳಿಯಿತು. ಬಟ್ಟೆಗೆ ಬಣ್ಣ ಹಾಕುವ ನೀಲಿ ಕೊಡುವ ಸಸ್ಯಗಳಿಂದಲೇ ಈ ಪುಡಿ ಬರುತ್ತದೆ. ಅದರೊಳಗಿನ ಕೆಂಪು ಅಣು ಇಂಡಿರುಬಿನ್, ಕೋಶಚಕ್ರವನ್ನು ನಡೆಸುವ ಸಿಡಿಕೆ ಕಿಣ್ವಗಳನ್ನು ತಡೆಯುತ್ತದೆಂದು 1999ರಲ್ಲಿ ತೋರಿಸಲಾಯಿತು.

ಈ ನೀಲಿ ಪುಡಿಯನ್ನು ಮನಃಶಿಲೆ ಎಂಬ ಆರ್ಸೆನಿಕ್ ಖನಿಜ ಮತ್ತು ಎರಡು ಮೂಲಿಕೆಗಳೊಡನೆ ಸೇರಿಸಿದ ಮಾತ್ರೆ ತೀವ್ರ ಮಯಲಾಯ್ಡ್ ಲ್ಯುಕೀಮಿಯದ ಒಳಬಗೆಯಾದ ತೀವ್ರ ಪ್ರೊಮಯಲೊಸೈಟಿಕ್ ಲ್ಯುಕೀಮಿಯಕ್ಕೆ ಬಳಕೆಯಲ್ಲಿದೆ. ಮುಖ್ಯ ಕೆಲಸ ಆರ್ಸೆನಿಕ್‌ನದು, ಇಂಡಿರುಬಿನ್ ಮತ್ತು ಇನ್ನೊಂದು ಮೂಲಿಕೆಯ ಟ್ಯಾನ್‌ಶಿನೋನ್ ಅದಕ್ಕೆ ಒತ್ತಾಸೆಯಾಗುತ್ತವೆ. ಈ ಮಾತ್ರೆ ರಕ್ತನಾಳಕ್ಕೆ ಕೊಡುವ ಆರ್ಸೆನಿಕ್ ಟ್ರೈಆಕ್ಸೈಡ್‌ಗೆ ಸಾಟಿಯಾಗಿ ನಿಲ್ಲುತ್ತದೆಂದು 2013ರಲ್ಲಿ ಪ್ರಕಟವಾದ ಹೋಲಿಕೆ ಪರೀಕ್ಷೆ ಹೇಳಿತು. ಹಲವು ದ್ರವ್ಯಗಳ ಸಾಂಪ್ರದಾಯಿಕ ಯೋಗವೊಂದು ಆಧುನಿಕ ಪರೀಕ್ಷೆಯ ಮುಂದೆ ಹಾಗೆಯೇ ನಿಂತ ಅಪರೂಪದ ಪ್ರಸಂಗ ಇದು. ಪರಂಪರೆಯ ಮಾತಿಗಿಂತ ಅಳೆದು ನೋಡಿದ್ದೇ ಅದಕ್ಕೆ ಮಾನ್ಯತೆ ತಂದದ್ದು.

ಪಶ್ಚಿಮಘಟ್ಟದ ಎರಡು ಮರಗಳು

ಡೈಸಾಕ್ಸಿಲಮ್ ಬೈನೆಕ್ಟಾರಿಫೆರಮ್ ಬೇವಿನ ಕುಟುಂಬಕ್ಕೆ ಸೇರಿದ, ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲೂ ಬೆಳೆಯುವ ಮರ. ಮುಂಬಯಿಯ ಹೋಕ್ಸ್ಟ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1980ರ ದಶಕದಲ್ಲಿ ಇದರಿಂದ ರೋಹಿತುಕೀನ್ ಎಂಬ ಆಲ್ಕಲಾಯ್ಡ್ ತೆಗೆದರು. ಅದರ ಮಾದರಿಯಲ್ಲಿ ಕೃತಕವಾಗಿ ಕಟ್ಟಿದ ಫ್ಲೇವೊಪಿರಿಡಾಲ್, ಮನುಷ್ಯರ ಮೇಲೆ ಪರೀಕ್ಷೆಗೆ ಹೋದ ಮೊದಲ ಸಿಡಿಕೆ ತಡೆಕಾರಕ. ಸಿಡಿಕೆ-9 ಅನ್ನು ತಡೆದು ಎಂಸಿಎಲ್-1ರ ಆರ್‌ಎನ್‌ಎ ಬರೆಯುವುದನ್ನೇ ಇದು ನಿಲ್ಲಿಸುತ್ತದೆ.

ಇದರ ಕಥೆಯಿಂದ ಕಲಿಯುವುದು ಬಹಳ ಇದೆ. ತಟ್ಟೆಯಲ್ಲಿ ದೀರ್ಘಕಾಲಿಕ ಲಿಂಫೊಸೈಟಿಕ್ ಲ್ಯುಕೀಮಿಯ ಕೋಶಗಳು ಇದಕ್ಕೆ ಸುಲಭವಾಗಿ ಸತ್ತವು. ರೋಗಿಗಳಿಗೆ 72 ಗಂಟೆ ಸತತವಾಗಿ ಹನಿಸಿದಾಗ ಏನೂ ಆಗಲಿಲ್ಲ. ತಟ್ಟೆಯಲ್ಲಿ ಬಳಸಿದ್ದು ಕರುವಿನ ರಕ್ತದ ಸೀರಮ್. ಮನುಷ್ಯರ ರಕ್ತದ ಪ್ರೋಟೀನುಗಳು ಈ ಅಣುವನ್ನು ಹೆಚ್ಚು ಬಿಗಿಯಾಗಿ ಹಿಡಿದಿಡುತ್ತವೆಂದು ಆಮೇಲೆ ತಿಳಿಯಿತು. ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಜಾನ್ ಬರ್ಡ್ ತಂಡ ಕ್ರಮವನ್ನೇ ಬದಲಿಸಿ ಮೊದಲ ಅರ್ಧ ಗಂಟೆ ಜೋರಾಗಿ, ಬಳಿಕ 4 ಗಂಟೆ ನಿಧಾನವಾಗಿ ಹನಿಸಿತು. ಬೇರೆ ಚಿಕಿತ್ಸೆಗೆ ಬಗ್ಗದ 42 ರೋಗಿಗಳಲ್ಲಿ 19 ಮಂದಿಗೆ ಗುಣ ಕಂಡಿತು ಎಂದು 2007ರಲ್ಲಿ ವರದಿಯಾಯಿತು. ಈಗ ತೊಂದರೆ ಇನ್ನೊಂದು ಕಡೆಯಿಂದ ಬಂತು. ಕೋಶಗಳು ಒಮ್ಮೆಗೇ ಅಷ್ಟು ಸಂಖ್ಯೆಯಲ್ಲಿ ಸತ್ತು, ಅವುಗಳಿಂದ ಹೊರಬಿದ್ದ ಪೊಟ್ಯಾಸಿಯಮ್, ಫಾಸ್ಫೇಟ್, ಯೂರಿಕ್ ಆಮ್ಲಗಳು ಮೂತ್ರಪಿಂಡವನ್ನು ಕಟ್ಟಿಹಾಕುವ ಅಪಾಯ ಎದುರಾಯಿತು. ಕೆಲವರಿಗೆ ಡಯಾಲಿಸಿಸ್ ಬೇಕಾಯಿತು. ಅಲ್ವೊಸಿಡಿಬ್ ಎಂಬ ಹೆಸರಿನಲ್ಲಿ ತೀವ್ರ ಮಯಲಾಯ್ಡ್ ಲ್ಯುಕೀಮಿಯದಲ್ಲೂ ಪರೀಕ್ಷೆಗೊಳಗಾದ ಈ ಅಣು ಮಾರುಕಟ್ಟೆ ಮುಟ್ಟಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ಈ ಮರದ ಒಳಗೆ ವಾಸಿಸುವ ಫ್ಯುಸೇರಿಯಮ್ ಶಿಲೀಂಧ್ರವೊಂದು ತಾನೇ ರೋಹಿತುಕೀನ್ ತಯಾರಿಸುವುದನ್ನು ಕಂಡಿದ್ದಾರೆ.

ಇನ್ನೊಂದು, ಕನ್ನಡದಲ್ಲಿ ದುರ್ವಾಸನೆ ಮರ ಎನಿಸಿಕೊಂಡ ನಾಥಪೊಡೈಟಿಸ್ ನಿಮ್ಮೋನಿಯಾನ. ಚೀನಾದ ಕ್ಯಾಂಪ್ಟೊತೀಕ ಮರದಿಂದ ಮನ್ರೊ ವಾಲ್ ಮತ್ತು ಮನ್ಸುಖ್ ವಾನಿ 1966ರಲ್ಲಿ ಬೇರ್ಪಡಿಸಿದ ಕ್ಯಾಂಪ್ಟೊತೆಸಿನ್ ಇದರಲ್ಲಿ ಹೇರಳವಾಗಿದೆಯೆಂದು 1972ರಲ್ಲಿ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ವರದಿ ಮಾಡಿದರು. ಎಲ್-1210 ಇಲಿ ಲ್ಯುಕೀಮಿಯದ ಮೇಲಿನ ಪರಿಣಾಮ ನೋಡಿಯೇ ವಾಲ್ ಮತ್ತು ವಾನಿ ಈ ಅಣುವಿನ ಜಾಡು ಹಿಡಿದದ್ದು. ಅದರಿಂದ ಬಂದ ಟೊಪೊಟೆಕಾನ್, ಇರಿನೊಟೆಕಾನ್‌ಗಳು ಮಾತ್ರ ಗಟ್ಟಿ ಗೆಡ್ಡೆಗಳ ಔಷಧಗಳಾದವು.

ತಟ್ಟೆಯಲ್ಲೇ ಉಳಿದವು

ಉಳಿದ ನೂರಾರು ಸಸ್ಯಗಳಲ್ಲಿ ಕೆಲವನ್ನಷ್ಟೇ ಹೆಸರಿಸಬಹುದು. ಯುರೋಪಿನ ಫೀವರ್‌ಫ್ಯೂ ಎಂಬ ಸೇವಂತಿಗೆ ಬಳಗದ ಗಿಡದ ಪಾರ್ಥೆನೊಲೈಡ್ ಇವುಗಳಲ್ಲಿ ಹೆಚ್ಚು ಆಸೆ ಹುಟ್ಟಿಸಿದ್ದು. ಸಾಮಾನ್ಯ ಕೀಮೊಥೆರಪಿಗೆ ಸಿಗದೆ ಮಜ್ಜೆಯಲ್ಲಿ ಅಡಗಿರುವ ಲ್ಯುಕೀಮಿಯ ಮೂಲಕೋಶಗಳನ್ನು ಇದು ಕೊಲ್ಲುತ್ತದೆ, ಆರೋಗ್ಯವಂತ ಮೂಲಕೋಶಗಳನ್ನು ಬಹುಮಟ್ಟಿಗೆ ಬಿಡುತ್ತದೆ ಎಂದು ಮೋನಿಕಾ ಗುಜ್ಮನ್, ಕ್ರೇಗ್ ಜೋರ್ಡನ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ನೀರಿನಲ್ಲಿ ಕರಗದಿರುವುದು ಇದರ ಶಾಪ. ಕರಗುವ ರೂಪಾಂತರವೊಂದನ್ನು ತಯಾರಿಸಿದರೂ ಚಿಕಿತ್ಸೆಯ ಮಟ್ಟಕ್ಕೆ ಅದು ಏರಲಿಲ್ಲ. ಹೆಸರು ಕೇಳಿ ನಮ್ಮ ಹೊಲಗಳ ಕಾಂಗ್ರೆಸ್ ಗಿಡದಲ್ಲೂ ಇದೇ ಇದೆ ಎಂದುಕೊಳ್ಳಬಾರದು. ಪಾರ್ಥೇನಿಯಮ್‌ನಲ್ಲಿ ಇರುವುದು ಮುಖ್ಯವಾಗಿ ಪಾರ್ಥೆನಿನ್. ಚರ್ಮಕ್ಕೆ ತುರಿಕೆಯ ಹುಣ್ಣು ತರುವುದು ಅದೇ.

ಅರಿಸಿನದ ಕುರ್ಕುಮಿನ್ ಎಚ್‌ಎಲ್-60 ಕೋಶಗಳಲ್ಲಿ ಅಪೊಪ್ಟೋಸಿಸ್ ತರುತ್ತದೆಂದು 1996ರಲ್ಲೇ ವರದಿಯಾಗಿತ್ತು. ಆದರೆ ಗ್ರಾಂಗಟ್ಟಲೆ ನುಂಗಿದರೂ ರಕ್ತದಲ್ಲಿ ಸಿಗುವುದು ಅತ್ಯಲ್ಪ. ಅದೂ ಅಲ್ಲದೆ ಕುರ್ಕುಮಿನ್ ಪರೀಕ್ಷಾ ವಿಧಾನಗಳನ್ನೇ ದಾರಿತಪ್ಪಿಸುವ ಅಣು: ತಾನೇ ಬಣ್ಣದ್ದು, ತಾನೇ ಮಿನುಗುವುದು, ಸಿಕ್ಕಿದ ಪ್ರೋಟೀನಿಗೆಲ್ಲ ಅಂಟುವುದು. 120ಕ್ಕೂ ಹೆಚ್ಚು ಮಾನವ ಪರೀಕ್ಷೆಗಳು ನಡೆದರೂ ಕಟ್ಟುನಿಟ್ಟಾದ ಹೋಲಿಕೆಯಲ್ಲಿ ಗೆದ್ದದ್ದು ಒಂದೂ ಇಲ್ಲ ಎಂದು 2017ರ ವಿಮರ್ಶಾ ಪ್ರಬಂಧವೊಂದು ಲೆಕ್ಕ ಒಪ್ಪಿಸಿತು.

ವೀಳ್ಯದೆಲೆಯ ಸಾರವನ್ನು ಕೋಲ್ಕತ್ತದ ಭಾರತೀಯ ರಾಸಾಯನಿಕ ಜೀವವಿಜ್ಞಾನ ಸಂಸ್ಥೆ ಕೂಲಂಕಷವಾಗಿ ನೋಡಿದೆ. ಎಲೆಯಲ್ಲಿನ ಕ್ಲೊರೊಜೆನಿಕ್ ಆಮ್ಲ ದೀರ್ಘಕಾಲಿಕ ಮಯಲಾಯ್ಡ್ ಲ್ಯುಕೀಮಿಯದ ಕೋಶಗಳನ್ನು ಕೊಲ್ಲುತ್ತದೆಂದು 2004ರಲ್ಲಿ, ಹೈಡ್ರಾಕ್ಸಿಚಾವಿಕಾಲ್ ಎಂಬ ಇನ್ನೊಂದು ವಸ್ತು ಇಮ್ಯಾಟಿನಿಬ್‌ಗೆ ಬಗ್ಗದ ಕೋಶಗಳನ್ನೂ ಕೊಲ್ಲುತ್ತದೆಂದು 2012ರಲ್ಲಿ ಅಲ್ಲಿಂದ ವರದಿಗಳು ಬಂದವು. ಕ್ಲೊರೊಜೆನಿಕ್ ಆಮ್ಲ ಕಾಫಿಯಲ್ಲೂ ಧಾರಾಳವಾಗಿದೆ. ಕಾಫಿ ಕುಡಿದು ಲ್ಯುಕೀಮಿಯ ವಾಸಿಯಾದವರನ್ನು ಮಾತ್ರ ಯಾರೂ ಕಂಡಿಲ್ಲ. ಅಶ್ವಗಂಧದ ವಿದಾಫೆರಿನ್-ಎ ಕೂಡ ಎಚ್‌ಎಲ್-60 ಕೋಶಗಳ ಮೈಟೊಕಾಂಡ್ರಿಯಕ್ಕೆ ಪೆಟ್ಟು ಕೊಡುತ್ತದೆಂಬುದು ಭಾರತದ ಪ್ರಯೋಗಾಲಯಗಳಿಂದಲೇ ತಿಳಿದದ್ದು. ಕೆನಡಾದ ವಿಂಡ್ಸರ್ ವಿಶ್ವವಿದ್ಯಾಲಯದ ಸಿಯಾರಾಮ್ ಪಾಂಡೆ ತಂಡ ಡ್ಯಾಂಡೆಲಿಯನ್ ಬೇರಿನ ಇಡಿಯಾದ ಸಾರ ಜುರ್ಕಾಟ್ ಕೋಶಗಳನ್ನು ಕ್ಯಾಸ್ಪೇಸ್-8ರ ಹೊರದಾರಿಯಿಂದ ಕೊಲ್ಲುವುದನ್ನು 2011ರಲ್ಲಿ ಪ್ರಕಟಿಸಿ ಸುದ್ದಿಯಾಯಿತು.

ಇವೆಲ್ಲಕ್ಕಿಂತ ಒಂದು ಹೆಜ್ಜೆ ಮುಂದೆ ಹೋದದ್ದು ಹಸಿರು ಚಹಾ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಆರಂಭದ ಹಂತದ ದೀರ್ಘಕಾಲಿಕ ಲಿಂಫೊಸೈಟಿಕ್ ಲ್ಯುಕೀಮಿಯವಿದ್ದ 42 ಮಂದಿಗೆ ಅದರ ಸಾಂದ್ರ ಸಾರ ಕೊಟ್ಟಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಲಿಂಫೊಸೈಟ್ ಸಂಖ್ಯೆ 20% ಅಥವಾ ಹೆಚ್ಚು ಇಳಿಯಿತು. 2013ರ ಆ ವರದಿಯಲ್ಲಿ ಹೋಲಿಕೆಯ ಗುಂಪು ಇರಲಿಲ್ಲ. ಇಳಿಕೆಯನ್ನು ಗುಣ ಎನ್ನಲಾಗದು.

ರೋಗಿ ಮತ್ತು ಕಷಾಯ

ತಟ್ಟೆಯ ಫಲಿತಾಂಶ ವಾಟ್ಸ್‌ಆ್ಯಪ್ ಸಂದೇಶವಾಗುವಾಗ ಪ್ರಮಾಣದ ಮಾತು ಉದುರಿಹೋಗುತ್ತದೆ. ಕರ್ನಾಟಕದಲ್ಲಿ ಕ್ಯಾನ್ಸರಿನ ಹಣ್ಣೆಂದೇ ಹೆಸರು ಮಾಡಿ ಮಾರಾಟವಾಗುವ ಲಕ್ಷ್ಮಣಫಲದ ಅಸೆಟೊಜೆನಿನ್‌ಗಳು ಮೈಟೊಕಾಂಡ್ರಿಯದ ಶಕ್ತಿ ಉತ್ಪಾದನೆಯನ್ನು ತಡೆದು ಕೋಶ ಕೊಲ್ಲುತ್ತವೆ ಎಂಬುದು ನಿಜ. ಅದೇ ವರ್ಗದ ಅನೊನಾಸಿನ್ ಮಿದುಳಿನ ಕೋಶಗಳನ್ನೂ ಕೊಲ್ಲುತ್ತದೆ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆಯ ಕಷಾಯ ಬಹಳವಾಗಿ ಬಳಸುವವರಲ್ಲಿ ಪಾರ್ಕಿನ್ಸನ್‌ ತರಹದ ರೋಗ ಹೆಚ್ಚಾಗಿರುವುದನ್ನು 1999ರಲ್ಲಿ ವೈದ್ಯರು ಗುರುತಿಸಿದರು.

ಚಿಕಿತ್ಸೆಯಲ್ಲಿರುವವರಿಗೆ ಅಪಾಯ ಇನ್ನೂ ನೇರವಾದದ್ದು. ಖಿನ್ನತೆಗೆಂದು ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಇಮ್ಯಾಟಿನಿಬ್ ರಕ್ತದಿಂದ ಬೇಗ ಕರಗಿಹೋಗುವಂತೆ ಮಾಡುತ್ತದೆ. ಮಾತ್ರೆ ತಪ್ಪದೆ ನುಂಗಿದರೂ ಅದು ಸಾಲದಾಗುತ್ತದೆ. ಕೀಮೊಥೆರಪಿಯಿಂದ ಬಿಳಿಕಣ ತೀರಾ ಇಳಿದಿರುವಾಗ ಗೋಧಿಹುಲ್ಲಿನ ರಸದಂಥ ಬೇಯಿಸದ ಹಸಿ ರಸಗಳು ಸೋಂಕಿನ ದಾರಿಯಾಗಬಹುದು. ಯಾವ ಕಷಾಯ, ಪುಡಿ, ಗುಳಿಗೆ ತೆಗೆದುಕೊಳ್ಳುತ್ತಿದ್ದರೂ ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಬೈಯುತ್ತಾರೆಂಬ ಅಂಜಿಕೆಯಿಂದ ಹೇಳದಿರುವವರೂ ಇದ್ದಾರೆ.

ಪೂರೈಕೆ

ನಿತ್ಯಪುಷ್ಪದ ಎಲೆಯಲ್ಲಿ ಈ ಆಲ್ಕಲಾಯ್ಡ್‌ಗಳು ಅತ್ಯಲ್ಪ. ಒಂದು ಗ್ರಾಂ ವಿನ್‌ಬ್ಲಾಸ್ಟೀನ್‌ಗೆ ಅರ್ಧ ಟನ್ನಿನಷ್ಟು ಒಣ ಎಲೆ ಬೇಕೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಭಾರತದಲ್ಲಿ ತಮಿಳುನಾಡು, ಕರ್ನಾಟಕ ಮೊದಲಾದ ಕಡೆ ಇದನ್ನು ಬೆಳೆಯಾಗಿ ಬೆಳೆಯುತ್ತಾರೆ. ಹಿಮಾಲಯದ ಪೊಡೊಫಿಲಮ್ ಅನ್ನು ಬೇರುಸಹಿತ ಕಿತ್ತು ಬರಿದುಮಾಡಿದ್ದರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರ ಈಗ ನಿಯಂತ್ರಣದಲ್ಲಿದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ಸ್ಯಾಟೆಲಿ ತಂಡ 2015ರಲ್ಲಿ ಎಟೊಪೊಸೈಡ್‌ನ ಪೂರ್ವರೂಪವನ್ನು ತಂಬಾಕಿನ ಜಾತಿಯ ಗಿಡದಲ್ಲಿ ತಯಾರಿಸಿತು. 2022ರಲ್ಲಿ ವಿನ್‌ಬ್ಲಾಸ್ಟೀನ್‌ಗೆ ಬೇಕಾದ ವಿಂಡೊಲೀನ್ ಮತ್ತು ಕ್ಯಾಥರಾಂತೀನ್‌ಗಳನ್ನು ಯೀಸ್ಟ್‌ನಲ್ಲಿ ತಯಾರಿಸಿದ್ದೂ ಆಯಿತು. ಪೂರೈಕೆಯ ತೊಡಕು ಎಲೆಯದಷ್ಟೇ ಅಲ್ಲ: 2019ರಲ್ಲಿ ಒಂದು ಕಂಪನಿ ತಯಾರಿಕೆ ನಿಲ್ಲಿಸಿ, ಉಳಿದ ಒಂದೇ ಕಂಪನಿಯ ಪೂರೈಕೆ ತಡವಾದಾಗ ಅಮೆರಿಕದ ಮಕ್ಕಳ ಆಸ್ಪತ್ರೆಗಳಲ್ಲೇ ವಿನ್‌ಕ್ರಿಸ್ಟೀನ್‌ಗೆ ಬರ ಬಂದಿತ್ತು. ಆಸ್ಪತ್ರೆಗೆ ಹೋಗುವ ವಿನ್‌ಕ್ರಿಸ್ಟೀನ್‌ನ ಮೂಲ ಇಂದಿಗೂ ಹೊಲದಲ್ಲಿ ಕೊಯ್ದು ಒಣಗಿಸಿದ ನಿತ್ಯಪುಷ್ಪದ ಎಲೆಯೇ.